ಹಿಂದಿನವರ ಗೋಡೆ

ಇದರ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ನನ್ನ ಈ ಜಗತ್ಪ್ರಸಿದ್ಧ ಮೀಸೆ ಮುಟ್ಟಿ ಆಣೆ ಮಾಡುತ್ತೇನೆ. ಯೂರೋಪಿನ ಒಂದು ಲೆಕ್ಕಪರಿಶೋಧನಾ ಭವನದಲ್ಲಿ ಹಿಂದಿನ ಅಧ್ಯಕ್ಷರ ಭಾವಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಕೊನೆಯದು ಓಟ್ಮಾರ್ ಸಾಹೇಬರದು. ಅದನ್ನು ಹೊತ್ತು ನಿಂತಿದ್ದ ಮೊಳೆಯ ಕಾಲು ಒಂದು ದಿನ ಜಾರತೊಡಗಿತು.

"ಸ್ವಾಮೀ, ನಿಮ್ಮ ಹಿಂದೆ ಗೋಡೆ ಬಿರುಕು ಬಿಟ್ಟಿದೆ. ಯಾರನ್ನಾದರೂ ಕೂಗಿ, ಇಲ್ಲದಿದ್ದರೆ ಇಬ್ಬರೂ ಬೀಳುತ್ತೇವೆ!" ಎಂದಿತು ಮೊಳೆ.

"ಹಿಂದೆ ಅಂದೆಯಾ? ಹಾಗಾದರೆ ಅದು ನನ್ನ ಹಿಂದಿನವರ ಕಾಲದ್ದು," ಎಂದರು ಓಟ್ಮಾರ್.

ಪಕ್ಕದ ಚಿತ್ರದ ವಾಲ್ಬುರ್ಗಾ ಮೇಡಂ ಮೂಗು ಮುರಿದರು. "ನನ್ನನ್ನೇನು ನೋಡುತ್ತೀಯ? ನನ್ನ ಹಿಂದಿನವರನ್ನು ಕೇಳು."

ಸಾಲಿನ ತುದಿಯಲ್ಲಿದ್ದ ಮೊಟ್ಟಮೊದಲ ಅಧ್ಯಕ್ಷ ಥಿಯೋಬಾಲ್ಡರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನನ್ನ ಹಿಂದೆ ಯಾರೂ ಇರಲಿಲ್ಲಪ್ಪ, ಗೋಡೆ ಮಾತ್ರ ಇತ್ತು. ತಪ್ಪು ಗೋಡೆಯದೇ."

"ಅಯ್ಯೋ, ನಾನು ಬಡಕೊಳ್ಳುತ್ತಿರುವುದೂ ಅದನ್ನೇ!" ಎಂದು ಮೊಳೆ ಅರಚಿತು.

ಆಗ ಓಟ್ಮಾರ್ ಒಮ್ಮೆ ಹಿಂದಿರುಗಿ ಬಿರುಕನ್ನು ನೋಡಿದರು. ಮರುಕ್ಷಣ ಇಬ್ಬರೂ ಧೊಪ್ಪೆಂದು ನೆಲಕ್ಕೆ ಬಿದ್ದರು. ಒಡೆದ ಗಾಜಿನೊಳಗಿಂದಲೇ ಸಾಹೇಬರು ಷರಾ ಹಾಕಿದರು: "ಮೊಳೆ ಸಕಾಲದಲ್ಲಿ ತಿಳಿಸಲಿಲ್ಲ."

ಮೀಸೆ ಮುಟ್ಟಿದ ಮೇಲೆ ಒಪ್ಪಿಕೊಳ್ಳಲೇಬೇಕು, ಇದರಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಕಟ್ಟಿದ್ದು. ಓಟ್ಮಾರ್ ಹಿಂದಿರುಗಿ ನೋಡಲಿಲ್ಲ.