ಒಂದು ಏಟಿಗೆ ಬಾರದ ಹರಿಗೋಲು

ಹೊಳೆಯ ಈ ದಡದಲ್ಲಿ ಆಶ್ರಮ, ಆ ದಡದಲ್ಲಿ ಊರು. ನಡುವೆ ಸೇತುವೆ ಇಲ್ಲ.

ಆಶ್ರಮ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಕೋಣೆ, ಒಂದು ಬೇವಿನ ಮರ, ಗುರು ಒಬ್ಬರು, ಶಿಷ್ಯೆ ಒಬ್ಬಳು.

ಗುರುವಿನ ಹೆಸರು ನೀಲಾಂಬಿಕೆ. ವೈದ್ಯಕೀಯ ಕಾಲೇಜಿನಲ್ಲಿ ನರಗಳ ಪಾಠ ಹೇಳಿ ಹೇಳಿ ತಲೆ ಬೆಳ್ಳಗಾದ ಮೇಲೆ ಇಲ್ಲಿಗೆ ಬಂದು ಕೂತವರು. ಕಾವಿ ಉಟ್ಟವರಲ್ಲ. ಕೇಳಿದರೆ, "ಬಿಳಿ ಕೋಟು ಒಗೆದು ಒಗೆದೇ ಸಾಕಾಯಿತು, ಇನ್ನೊಂದು ಬಣ್ಣ ಯಾಕೆ?" ಅನ್ನುತ್ತಿದ್ದರು.

ಶಿಷ್ಯೆ ಇಂದುಮತಿ. ಪ್ರವಾಸಿಗರನ್ನು ಕಟ್ಟಿಕೊಂಡು ದೇಶ ದೇಶ ಸುತ್ತುವುದೇ ಅವಳ ಕಸುಬಾಗಿತ್ತು. "ಊಟ ಎಲ್ಲಿ ಸಿಗುತ್ತೆ?" ಎಂದು ಹತ್ತಾರು ಭಾಷೆಗಳಲ್ಲಿ ಕೇಳಬಲ್ಲಳು. "ಊಟ ಆಯ್ತಾ?" ಎಂದು ಅವಳನ್ನು ಕೇಳುವವರು ಮಾತ್ರ ಯಾವ ಊರಿನಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ಗುರುವಿನ ಎದುರು ಬಂದು ಕೂತಳು.

"ಅಮ್ಮಾ, ನನಗೆ ಮೌನದ ದೀಕ್ಷೆ ಕೊಡಿ."

"ಎಷ್ಟು ದಿನಕ್ಕೆ?"

"ಬದುಕಿರುವ ತನಕ."

ನೀಲಾಂಬಿಕೆ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರ ಮೇಲೆ ಕೋಪ?"

"ಕೋಪ ಇಲ್ಲಮ್ಮ. ಅಕ್ಕ ಒಬ್ಬಳಿದ್ದಾಳೆ, ಗೌರಕ್ಕ. ಭಾವ ತೀರಿಕೊಂಡಾಗ ನಾನು ಎಲ್ಲೋ ಸಮುದ್ರದಾಚೆ ಇದ್ದೆ. ಕರ್ಮಾಂತರ ಎಲ್ಲ ಮುಗಿದ ಮೇಲೆ ಹೋದೆ. ಅವಳು ಬಾಗಿಲು ತೆಗೆದಳು, ಬಾಯಿ ತೆಗೆಯಲಿಲ್ಲ. ಆಮೇಲೆ ಒಂದು ಸಲ ಫೋನ್ ಮಾಡಿದೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ. ಅವಳು ಫೋನ್ ಇಟ್ಟುಬಿಟ್ಟಳು."

"ಆಮೇಲೆ?"

"ಆಮೇಲೇನು, ಇಲ್ಲಿಗೆ ಬಂದೆ. ನೀವೇ ಹೇಳಿದಿರಿ, ಮಿದುಳಿನಲ್ಲಿ ಒಂದು ನರಕೋಶ ಪಕ್ಕದ್ದನ್ನು ಮುಟ್ಟುವುದಿಲ್ಲ, ನಡುವೆ ಸಂದು ಇರುತ್ತೆ ಅಂತ. ಒಂದೇ ತಲೆಯೊಳಗಿರುವವೇ ಹಾಗಂದಮೇಲೆ ಇಬ್ಬರು ಹೆಂಗಸರ ಮಾತೇನು? ನನಗೆ ಒಳಗೂ ಹೊರಗೂ ಒಂದೇ ಆಗಿಬಿಡಬೇಕು. ಹೋಗುವುದು ಬೇಡ, ಬರುವುದೂ ಬೇಡ."

ನೀಲಾಂಬಿಕೆ ಹುಳುಕು ಕಾಳೊಂದನ್ನು ಆಚೆ ಎಸೆದರು.

"ನರಕೋಶ ಸುಮ್ಮನೆ ಕೂತಾಗ ಏನು ಮಾಡುತ್ತೆ, ಹೇಳು ನೋಡೋಣ."

"ಸುಮ್ಮನೆ ಕೂತಿರುತ್ತೆ."

"ಸೊನ್ನೆ ಅಂಕ. ಉಪ್ಪಿನಲ್ಲಿ ಸೋಡಿಯಂ ಇರುತ್ತಲ್ಲ, ಅದನ್ನು ಒಳಗಿಂದ ಹೊರಕ್ಕೆ ತಳ್ಳುತ್ತಾ ಇರುತ್ತೆ. ಅದು ಸೋರಿ ಒಳಗೆ ಬರುತ್ತೆ, ಇದು ಮತ್ತೆ ತಳ್ಳುತ್ತೆ. ತೂತು ದೋಣಿಯಿಂದ ನೀರು ಮೊಗೆದು ಹಾಕಿದ ಹಾಗೆ, ಬಿಡುವೇ ಇಲ್ಲ. ಹೊರಗೆ ಹೆಚ್ಚು, ಒಳಗೆ ಕಡಿಮೆ. ಆ ವ್ಯತ್ಯಾಸ ಕಾಯ್ದುಕೊಳ್ಳುವುದಕ್ಕೇ ಅಷ್ಟು ಪಾಡು. ಸಣ್ಣದೊಂದು ಬಾಗಿಲು ತೆರೆಯಿತು ಅನ್ನು, ಹೊರಗಿನದು ಒಳಗೆ ನುಗ್ಗುತ್ತೆ. ಆ ನುಗ್ಗುವುದೇ ಮಿಂಚು. ಒಂದು ಬಾಗಿಲು ತೆರೆದದ್ದು ಪಕ್ಕದ ಬಾಗಿಲಿಗೆ ಗೊತ್ತಾಗಿ, ಅದೂ ತೆರೆದು, ಹಾಗೇ ನರದ ಉದ್ದಕ್ಕೂ ಸುದ್ದಿ ಓಡುತ್ತೆ."

"ಒಳಗೂ ಹೊರಗೂ ಒಂದೇ ಆದರೆ?"

"ಹುಡುಗರು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದರು. ನಾನು ಹೇಳಿಕೊಟ್ಟದ್ದು ಒಂದೇ ಮಾತು. ಸತ್ತಿದೆ."

ಹಟ ಇಂದುಮತಿಗೆ ಹುಟ್ಟಿನಿಂದ ಬಂದದ್ದು.

"ಆದರೂ ದೀಕ್ಷೆ ಕೊಡಿ."

"ಕೊಡೋಣಂತೆ. ಮೊದಲು ಆಚೆ ಹೋಗಿ ಉಪ್ಪು ತಾ. ಮುಗಿದಿದೆ."

ಆಚೆ ಹೋಗಲು ಹರಿಗೋಲು ಬೇಕು. ಹರಿಗೋಲು ಇರುವುದು ಆ ದಡದಲ್ಲಿ, ಅಂಬಿಗ ಹುಲುಗಪ್ಪನ ಮನೆ ಮುಂದೆ. ಅವನನ್ನು ಕರೆಯಲೆಂದು ಬೇವಿನ ಕೊಂಬೆಗೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿತ್ತು, ಪಕ್ಕದಲ್ಲಿ ಸುತ್ತಿಗೆ. ಸಂತೆಯ ದಿನ ಅವನೇ ಸಾಮಾನು ತಂದು ಹಾಕುತ್ತಿದ್ದುದರಿಂದ ಇಂದುಮತಿ ಆ ಸುತ್ತಿಗೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಈಗ ಎರಡೂ ಕೈಯಲ್ಲಿ ಎತ್ತಿದಳು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒಂದು ಏಟು ಕೊಟ್ಟಳು.

ಟಣ್!

ಮರದ ಕಾಗೆಗಳೆಲ್ಲ ಎದ್ದವು. ಆಚೆ ದಡದಲ್ಲಿ ಹುಲುಗಪ್ಪ ತಲೆ ಎತ್ತಿದ. ಅಷ್ಟು ದೂರಕ್ಕೆ ಮರದ ನೆರಳಲ್ಲಿ ನಿಂತವರು ಕಾಣುವುದಿಲ್ಲ. ಮತ್ತೆ ತಲೆ ತಗ್ಗಿಸಿ ಬಲೆ ಹೆಣೆಯತೊಡಗಿದ.

ಅವಳು ಕಾದಳು. ಹೊಳೆಯ ಮೇಲೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ಕಾಯುವುದು ಅವಳಿಗೆ ಹೊಸದಲ್ಲ. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಯಾರ್‍ಯಾರದೋ ಹೆಸರಿನ ಹಲಗೆ ಹಿಡಿದು ನಿಂತಿದ್ದಾಳೆ. ತನ್ನ ಹೆಸರು ಹಿಡಿದು ನಿಂತವರನ್ನು ನೋಡಿದ್ದಿಲ್ಲ.

ಬಿಸಿಲು ಏರಿತು. ಇನ್ನೊಂದು ಏಟು, ಮೊದಲಿಗಿಂತ ಜೋರಾಗಿ. ಹುಲುಗಪ್ಪ ಈ ಸಲ ತಲೆಯನ್ನೂ ಎತ್ತಲಿಲ್ಲ.

ಅವಳು ಸುತ್ತಿಗೆ ಇಟ್ಟು ವಾಪಸು ಬಂದಳು.

"ಅವನು ಕಿವುಡ ಅಮ್ಮಾ."

"ಎಷ್ಟು ಏಟು ಹೊಡೆದೆ?"

"ಒಂದು. ಕೈ ನಡುಗುವಷ್ಟು ಜೋರಾಗಿ. ಕಾದು ಕಾದು ಮತ್ತೊಂದು."

ನೀಲಾಂಬಿಕೆ ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ ಎದ್ದರು. ಮರದ ಬುಡಕ್ಕೆ ಹೋಗಿ, ಹಿಟ್ಟು ಜರಡಿ ಹಿಡಿಯುವವರ ಹಾಗೆ ಸಲೀಸಾಗಿ, ಒಂದರ ಸದ್ದು ಆರುವ ಮೊದಲೇ ಇನ್ನೊಂದು ಬೀಳುವಂತೆ ಬಡಿದರು. ಟಣ್ ಟಣ್ ಟಣ್ ಟಣ್.

ಹುಲುಗಪ್ಪ ಬಲೆ ಕೆಳಗಿಟ್ಟು ಎದ್ದ. ಮನೆಯಿಂದ ಹೆಂಗಸೊಬ್ಬಳು ತಟ್ಟೆ ಹಿಡಿದು ಬಂದು, ಅವನ ಹೆಗಲು ಅದುಮಿ ಮತ್ತೆ ಕೂರಿಸಿದಳು.

ನೀಲಾಂಬಿಕೆ ನಕ್ಕು ಮತ್ತೆ ಬಡಿದರು. ಅವನು ತಟ್ಟೆಯನ್ನು ಅವಳ ಕೈಗೇ ಕೊಟ್ಟು ಹರಿಗೋಲನ್ನು ನೀರಿಗೆ ತಳ್ಳಿದ.

"ಜೋರಾಗಿ ಹೊಡೆದದ್ದು ಅವನಿಗೆ ಕೇಳಿಸಲಿಲ್ಲವಾ?" ಇಂದುಮತಿ ಕೇಳಿದಳು.

"ಕೇಳಿಸದೆ ಏನು? ಏಳುವಷ್ಟು ಆಗಲಿಲ್ಲ, ಅಷ್ಟೇ. ನರದಲ್ಲಿಯೂ ದೊಡ್ಡ ಮಿಂಚು, ಚಿಕ್ಕ ಮಿಂಚು ಅಂತ ಇಲ್ಲ. ಎಲ್ಲವೂ ಒಂದೇ ಅಳತೆ. ಓಡಿ ಬಂದ ಮಿಂಚು ನರಕೋಶದ ದಡದಲ್ಲಿ ನಿಂತುಬಿಡುತ್ತೆ, ಸಂದು ಹಾರುವುದಿಲ್ಲ. ಅಲ್ಲಿ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟ ರಸವನ್ನು ಬಿಚ್ಚಿ ಸುರಿಯುತ್ತೆ. ಅದು ತೇಲಿ ಹೋಗಿ ಆಚೆಯ ನರಕೋಶಕ್ಕೆ ತಗಲಬೇಕು. ಒಂದು ಸಲ ಸುರಿದದ್ದಕ್ಕೆ ಆಚೆಯದು ಸಾಮಾನ್ಯವಾಗಿ ಏಳುವುದಿಲ್ಲ. ಅದು ಆರುವುದರೊಳಗೆ ಮತ್ತೊಂದು, ಮತ್ತೊಂದು ಬರಬೇಕು. ಏಳು ಅನ್ನುವವರ ಜೊತೆಗೆ ಕೂರು ಅನ್ನುವವರೂ ಇರುತ್ತಾರಲ್ಲ, ಹುಲುಗಪ್ಪನ ಹೆಂಡತಿಯ ಹಾಗೆ."

ಹರಿಗೋಲು ತಿರುತಿರುಗುತ್ತಾ ಹೊಳೆಯ ನಡುವಿಗೆ ಬಂತು.

"ನೀವು ಯಾರನ್ನಾದರೂ ಕರೆಯುತ್ತೀರಾ ಅಮ್ಮಾ?"

"ನನ್ನ ಆಚೆ ದಡದವರೆಲ್ಲ ಹೋಗಿಬಿಟ್ಟರಲ್ಲೇ. ಈಗ ಬಾರಿಸಿದರೆ ಕಾಗೆ ಏಳುತ್ತವೆ."

ಅವರು ಅದನ್ನು ಹೇಳಿದ್ದು ಹವಾಮಾನ ಹೇಳುವವರ ಹಾಗೆ.

ಹುಲುಗಪ್ಪ ದಡ ಮುಟ್ಟುತ್ತಲೇ ಶುರು ಮಾಡಿದ. "ಆಗಿಂದ ಟಣ್ ಅನ್ಸಿದ್ದು ನೀವೇನ್ರಿ ಅಕ್ಕಾರ? ಒಂದ ಹೊಡ್ತಕ್ಕ ಯಾರ್ ಬರ್ತಾರ್ರಿ? ಮಂಗ್ಯಾಗಳೂ ಬಂದು ಒಂದ್ ಹೊಡ್ದು ಹೋಗ್ತಾವು!"

"ಮಂಗ ನನಗಿಂತ ಮೆತ್ತಗೆ ಹೊಡೆಯುತ್ತಪ್ಪ."

"ನಮ್ ಕಿವಿಗೆ ಎಲ್ಲಾ ಒಂದ ಐತ್ರಿ. ಕುಂದ್ರರಿ, ನಡುವ ಕುಂದ್ರರಿ. ಊಟ ಬಿಟ್ ಬಂದೀನಿ, ಮನಿಯಾಕಿ ಬೈತಾಳ."

ಆಚೆ ದಡದ ಅಂಗಡಿಯಾಕೆ ಉಪ್ಪಿನ ಪೊಟ್ಟಣ ಕೊಟ್ಟಳು. ಅವಳ ಫೋನು ತಕ್ಕಡಿಯ ಪಕ್ಕದಲ್ಲೇ ಬಿದ್ದಿತ್ತು. ಇಂದುಮತಿ ಪೊಟ್ಟಣ ಹಿಡಿದು ಹೊರಟಳು, ನಿಂತಳು, ತಿರುಗಿ ಬಂದಳು.

"ಒಂದು ಫೋನ್ ಮಾಡಬಹುದಾ?"

ಅವಳು ವಾಪಸು ಬಂದಾಗ ನೀಲಾಂಬಿಕೆ ಜಗಲಿಯ ಮೇಲೆ ಅದೇ ಜಾಗದಲ್ಲಿ ಕೂತಿದ್ದರು. ಇಂದುಮತಿ ನೇರ ಅಡುಗೆಯ ಮೂಲೆಗೆ ಹೋಗಿ ಉಪ್ಪಿನ ಜಾಡಿಯ ಮುಚ್ಚಳ ತೆಗೆದಳು. ಹಾಗೇ ನಿಂತಳು. ಆಮೇಲೆ ಪೊಟ್ಟಣವನ್ನು ಎದೆಗೆ ಒತ್ತಿಕೊಂಡೇ ಹೊರಗೆ ಬಂದಳು.

"ಅಕ್ಕನಿಗೆ ಫೋನ್ ಮಾಡಿದೆ," ಅಂದಳು.

"ಏನು ಹೇಳಿದೆ?"

"'ಅಕ್ಕಾ, ನಾನು ಇಂದು. ಊಟ ಆಯ್ತಾ?' ಅಂದೆ. ಅಷ್ಟೇ."

"ಅವಳು?"

"ಮಾತಾಡಲಿಲ್ಲ. ಇಟ್ಟುಬಿಟ್ಟಳು."

"ಕೂಡಲೇ?"

ಇಂದುಮತಿ ಯೋಚಿಸಿದಳು.

"ಇಲ್ಲ. ಸ್ವಲ್ಪ ತಡೆದು. ಉಸಿರು ಕೇಳಿಸುತ್ತಿತ್ತು. ಹಿಂದೆ ಕುಕ್ಕರ್ ಕೂಗಿತು. ಅದು ಕೂಗಿ ನಿಂತ ಮೇಲೂ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಇಟ್ಟಳು."

ನೀಲಾಂಬಿಕೆ ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿದರು.

"ಮುಗಿಯಿತಲ್ಲ ಅಮ್ಮಾ. ಇನ್ನು ದೀಕ್ಷೆ ಕೊಟ್ಟುಬಿಡಿ. ಹೇಗೂ ಉಪ್ಪು ಬೇಕಾಗೇ ಇರಲಿಲ್ಲ. ಜಾಡಿ ತುಂಬಿ ತುಳುಕುತ್ತಿದೆ."

ಗುರು ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆಯ ಕಡೆ ನೋಡಿದರು. ಊಟ ಮುಗಿಸಿ ಅವಳನ್ನು ದಾಟಿಸಿದ್ದ ಹುಲುಗಪ್ಪ ಬೇವಿನ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಉಪ್ಪು ಸಾಲದು ಇಂದುಮತಿ. ಹರಿಗೋಲು ಇನ್ನೂ ಈ ದಡದಲ್ಲೇ ಇದೆ, ಓಡು."