ಮಧ್ಯಾಹ್ನದ ರೈಲು ನಿಂತದ್ದು

ನಮ್ಮ ಭಜನಾ ಮಂಡಳಿಯ ಚನ್ನವೀರಪ್ಪನವರು ನನಗೆ ಮೊದಲು ಹೇಳಿದ ಕಥೆಯಿದು.

ಊರಂಚಿನ ಆ ಸ್ಟೇಷನ್ನಿಗೆ ಮಧ್ಯಾಹ್ನ ಒಂದೇ ರೈಲು. ಅಲ್ಲಿ ಅದನ್ನು ಹತ್ತುವವಳು ಹೂವಿನ ಸಿದ್ದಮ್ಮ ಒಬ್ಬಳೇ; ಅವಳಿಗೆ ಅದೇ ಗತಿ. ಸಂಜೆಯ ರೈಲಿಗೆ ಕಾದರೆ ದೇವರಿಗೆ ಒಯ್ಯುವ ಮಲ್ಲಿಗೆ ಬಾಡುತ್ತದೆ.

ತಪಾಸಣೆಗೆ ಬಂದ ಸಾಹೇಬರು, "ಒಬ್ಬಳಿಗಾಗಿ ರೈಲು ನಿಲ್ಲಿಸೋದೇನ್ರೀ? ಇವತ್ತಿನಿಂದಲೇ ಬೇಡ," ಎಂದು ಆಜ್ಞೆ ಬರೆದುಕೊಟ್ಟರು.

"ಅಪ್ಪಣೆ ಸ್ವಾಮಿ," ಎಂದು ಗುಮಾಸ್ತ ಈರಯ್ಯ ಫೋನೆತ್ತಿ, "ಇವತ್ತು ಇಲ್ಲಿ ನಿಲ್ಲಿಸಬೇಡಿ," ಎಂದ.

ಸಾಹೇಬರು ಬೆಚ್ಚಿದರು. "ಅಯ್ಯೋ, ನಾನೂ ಅದರಲ್ಲೇ ಹೋಗಬೇಕು ಕಣಯ್ಯಾ! ಮಾವನ ಮನೇಲಿ ಹಬ್ಬ. ಅಳಿಯ ಕೂರದೆ ಯಾರೂ ಎಲೆ ಮುಟ್ಟೋದಿಲ್ಲ!"

"ಒಬ್ಬರಿಗಾಗಿ ನಿಲ್ಲಿಸೋದೇ ಸ್ವಾಮಿ?"

ಸಾಹೇಬರು ಆಜ್ಞೆಯನ್ನು ಹರಿದರು. ಈರಯ್ಯ ಮತ್ತೆ ಫೋನೆತ್ತಿ, "ನಿಲ್ಲಿಸಿ," ಎಂದ. ರೈಲು ಬಂದು ನಿಂತಿತು. ಸಿದ್ದಮ್ಮ ಮುಂದೆ ಹತ್ತಿದಳು. ಅವಳ ಬುಟ್ಟಿ ಹಿಡಿದು ಸಾಹೇಬರು ಹಿಂದೆ ಹತ್ತಿದರು.

ಆ ಫೋನು ಕೆಟ್ಟು ವರ್ಷವಾಗಿತ್ತು. ಸಾಹೇಬರೊಬ್ಬರಿಗೇ ಅದು ಗೊತ್ತಿರಲಿಲ್ಲ. ನೀವೂ ನಾಲ್ಕು ಜನಕ್ಕೆ ಹೇಳಿ. ಸಾಹೇಬರ ಮಾವ ಸಿಕ್ಕರೆ ಅವರಿಗೂ ಹೇಳಿ.