ಪಾದಸೇವೆಯ ಚಪ್ಪರ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ. ಆಗ ಆರನೆಯ ಇಯತ್ತೆ. ಪಾಟಿಚೀಲವನ್ನು ಹೊಲದ ಬದುವಿನ ಮೇಲೆ ಇಟ್ಟು ಹೋದವನು ಮತ್ತೆ ಅದನ್ನು ಮುಟ್ಟಲಿಲ್ಲ. ಆಮೇಲೆ ಎಷ್ಟು ಊರು ಆದವೋ ನೆನಪಿಲ್ಲ. ಎಲ್ಲಿ ಹೋದರೂ ಸುಮ್ಮನೆ ಕುಂತು ಉಂಡವನಲ್ಲ. ಮಂದಿಯ ಸೇವೆಗೆ ನಿಂತೆ. ಈ ಮಠಕ್ಕೆ ಬಂದು ಎರಡು ವರ್ಷ. ಬೆಳಿಗ್ಗೆ ದಾಸೋಹದಲ್ಲಿ ಬಡಿಸುವುದು, ಮಧ್ಯಾಹ್ನ ಭಕ್ತರ ಜೊತೆ ದವಾಖಾನೆಗೆ ಹೋಗಿ ದಿಕ್ಕಿಲ್ಲದ ರೋಗಿಗಳ ಮೈ ಒರೆಸುವುದು, ಸಂಜೆ ಅಜ್ಜಾರ ಮುಂದೆ ಕಣ್ಣು ಮುಚ್ಚಿ ಕೂರುವುದು. ಮಠದ ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಎನ್ನುತ್ತೇವೆ.

ಈಚೆಗೆ ಕೈ ಮಾತ್ರ ಕೆಲಸ ಮಾಡುತ್ತಿತ್ತು. ರೋಗಿ ನರಳಿದರೆ ಸಿಟ್ಟು ಬರುತ್ತಿತ್ತು. ಧ್ಯಾನಕ್ಕೆ ಕುಳಿತರೆ ನಿದ್ದೆ ಬರುತ್ತಿತ್ತು. ಹೋದ ವಾರ ಜ್ವರ ಬಂದು ಮಲಗಿದೆ. ದಾಸೋಹದಲ್ಲಿ ಪಾತ್ರೆ ತಿಕ್ಕುವ ನೀಲವ್ವ ಗಂಜಿ ಕಾಸಿ ತಂದಳು. ಬೇಡ, ದವಾಖಾನೆಯವರಿಗೆ ಕೊಡು ಎಂದೆ. ಗಂಜಿ ಕುಡಿದರೆ ಮೀಸೆ ಉದುರುತ್ತದೇನು ಎಂದು ಅವಳು ಕೇಳಿದಳು. ಅವಳು ಬಟ್ಟಲು ತಿರುಗಿ ಒಯ್ಯುವ ತನಕ ನಾನು ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದೆ.

ಜ್ವರ ಇಳಿದ ಮುಂಜಾನೆ ಅರಿವೆ ಮಡಚತೊಡಗಿದೆ. ಅಜ್ಜಾರು ಬಂದು ಚಾಪೆಯ ಮೇಲೆ ಕುಳಿತರು. ಯಾಕೆ ಹೊರಟೆ ಎಂದು ಕೇಳಲಿಲ್ಲ. ನಾನೇ ಕೇಳಿದೆ.

"ಅಜ್ಜಾರ, ಸೇವಾ ಮಾಡಿ ಮಾಡಿ ಮನಸು ದಣಿದರ, ಕಡಿಮಿ ಬಿದ್ದದ್ದು ಸೇವಾನೋ, ಧ್ಯಾನಾನೋ?"

ಅಜ್ಜಾರು ಹೇಳಿದ ಕತೆ ಇದು.

ಶ್ರೀಶೈಲಕ್ಕೆ ನಡೆದು ಹೋಗುವ ದಾರಿಯಲ್ಲಿ ಒಬ್ಬ ರೈತನಿದ್ದ. ಯುಗಾದಿ ಹತ್ತಿರ ಬಂದಾಗ ಊರೂರಿನ ಜನ ಆ ದಾರಿಯಲ್ಲಿ ಮಲ್ಲಯ್ಯನ ಕಡೆ ನಡೆಯುತ್ತಾರೆ. ದಾರಿಯುದ್ದಕ್ಕೂ ಇರುವವರು ಅವರಿಗೆ ಅನ್ನ, ನೀರು ಕೊಡುತ್ತಾರೆ. ರೈತ ಚಪ್ಪರ ಹಾಕಿ ಅವರ ಕಾಲು ತೊಳೆದು, ಎಣ್ಣೆ ಹಚ್ಚಿ ಒತ್ತುತ್ತಿದ್ದ. ಹುಣ್ಣಾದ ಕಾಲಿಗೆ ಬಟ್ಟೆ ಕಟ್ಟುತ್ತಿದ್ದ. ಹನ್ನೆರಡು ವರ್ಷ ತಪ್ಪಿಸಲಿಲ್ಲ. ಪಕ್ಕದ ಹೊಲದವನು ಅವನಿಗೆಂದು ಮಜ್ಜಿಗೆ ತಂದರೆ, ನಡೆಯುವವರಿಗೆ ಕೊಡು ಎನ್ನುತ್ತಿದ್ದ. ಹೆಗಲಿಗೆ ಬಂದ ತಮ್ಮ ಕೊಡ ಹೊರುತ್ತೇನೆ ಎಂದರೆ, ಇದು ನನ್ನ ಸೇವೆ ಎನ್ನುತ್ತಿದ್ದ. ಇಂಥ ಭಕ್ತ ಇಲ್ಲ ಎಂದು ಜನ ಹೇಳಿದರು.

ಹದಿಮೂರನೆಯ ವರ್ಷ ಅವನು ದಣಿದ. ಮುಂದಿದ್ದ ಕಾಲು ಯಾರದೆಂದು ಮುಖವೆತ್ತಿ ನೋಡುವುದನ್ನೂ ಬಿಟ್ಟ. ಆದರೂ ಒತ್ತುತ್ತಲೇ ಇದ್ದ.

ಒಂದು ಮಧ್ಯಾಹ್ನ ಒಬ್ಬ ಮುದುಕಿ ಒಂಟಿಯಾಗಿ ಬಂದಳು. ಎಡಗಾಲಿನ ಹಿಮ್ಮಡಿ ಸೀಳಿತ್ತು. ಬೆಟ್ಟ ಇನ್ನೂ ಎಂಟು ದಿನದ ದಾರಿ. ರೈತ ಕಾಲು ತೊಳೆದು ಒತ್ತತೊಡಗಿದ. ಸ್ವಲ್ಪ ಹೊತ್ತಿಗೆ ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು.

"ತಮ್ಮಾ, ನಿನ್ನ ಕೈ ನನಗ ಬೈಯಾಕ ಹತ್ತ್ಯಾವಲ್ಲೋ."

ಹಾಗೇನಿಲ್ಲ, ದಣಿದಿದ್ದೇನೆ ಅಷ್ಟೆ ಎಂದು ರೈತ ಹೇಳಿದ. ದಣಿದಿದ್ದರೆ ಬಾ, ಕುಂತು ಕಾಲು ಚಾಚು, ನಾನು ಎರಡು ಸಲ ಒತ್ತುತ್ತೇನೆ, ಐದು ಮಕ್ಕಳ ಕಾಲು ಒತ್ತಿದ ಕೈ ಇದು ಎಂದಳು. ರೈತ ಹಿಂದೆ ಸರಿದ. ಮಲ್ಲಯ್ಯನ ಹಾದಿ ಹಿಡಿದವರ ಕೈಯಿಂದ ಕಾಲು ಒತ್ತಿಸಿಕೊಂಡರೆ ಪಾಪ ಬರುತ್ತದೆ ಎಂದ. ಮುದುಕಿ ನಕ್ಕಳು.

"ಬರೂ ಪಾಪ ನನ್ನ ತಲಿ ಮ್ಯಾಲ ಇಡು. ಹೆಂಗೂ ಬೆಟ್ಟಕ್ಕ ಹೊಂಟೀನಿ, ಅಲ್ಲೇ ಇಳಿಸಿ ಬರ್ತೀನಿ."

ರೈತ ಒಪ್ಪಲಿಲ್ಲ. ಹನ್ನೆರಡು ವರ್ಷ ಯಾರಿಂದಲೂ ಒಂದು ಲೋಟ ನೀರು ಮುಟ್ಟಿಲ್ಲ ಎಂದ. ಹಾಗಾದರೆ ನನಗೂ ಇಷ್ಟು ಸಾಕು ಎಂದು ಮುದುಕಿ ಸೆರಗಿನಿಂದ ಕಾಲಿನ ಎಣ್ಣೆ ಒರೆಸಿಕೊಂಡು ಎದ್ದಳು. ಹಿಮ್ಮಡಿಗೆ ಬಟ್ಟೆ ಕಟ್ಟಿರಲಿಲ್ಲ. ಆ ಕಾಲಿನಲ್ಲಿ ಮುಂದಿನ ಊರು ಮುಟ್ಟುವುದೂ ಕಷ್ಟವೆಂದು ಅವನಿಗೆ ಗೊತ್ತಿತ್ತು. ಕಟ್ಟಬೇಕಾದ ಬಟ್ಟೆ ಅವನ ಕೈಯಲ್ಲೇ ಇತ್ತು. ಅವನು ಒಂದು ಸಲ ಕುಳಿತಿದ್ದರೆ ಸಾಕಿತ್ತು, ಅವಳೂ ಕುಳಿತುಕೊಳ್ಳುತ್ತಿದ್ದಳು. ಮುದುಕಿ ಕೋಲೂರಿ ತುಸು ಹೊತ್ತು ಕಾದಳು. ಅವನು ನಿಂತೇ ಇದ್ದ. ಅವಳು ನಡೆದಳು.

ಅವನು ದಾರಿಗೆ ಬಂದು ನೋಡಿದ. ದೂಳಿನಲ್ಲಿ ಎಡಗಾಲಿನ ಹೆಜ್ಜೆಗೊಂದು ಕೆಂಪು ಗುರುತು ಬಿದ್ದಿತ್ತು. ತಿರುವಿನ ತನಕ ಇತ್ತು.

ಅಜ್ಜಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ನನಗೆ ಆ ರೈತನ ಮೇಲೆ ಸಿಟ್ಟು ಬಂತು. ಒಂದು ಗಳಿಗೆ ಕಾಲು ಚಾಚಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದೆ. ಅಜ್ಜಾರು ಹೌದು ಎನ್ನುವಂತೆ ತಲೆಯಾಡಿಸಿದರು. ಮರುವರ್ಷ ಆ ಮುದುಕಿ ಅದೇ ದಾರಿಯಲ್ಲಿ ಬಂದಳೇ, ಆಗಲಾದರೂ ಅವನು ಅವಳ ಮಾತು ಕೇಳಿದನೇ ಎಂದು ಕೇಳಿದೆ.

"ಮುದುಕಿ ಬಂದಿದ್ದಳು ಬಾಳಪ್ಪ, ಆದರ ಅವ ಆಗಲೇ ತನ್ನ ಗುರುತಿಲ್ಲದ ಇನ್ನೊಂದು ಊರಿಗೆ ಹೋಗಿ ಚಪ್ಪರ ಹಾಕಿದ್ದ."

ಉಳಿದಿದ್ದ ಒಂದು ಅಂಗಿಯನ್ನು ಮಡಚಿ ಗಂಟಿನೊಳಗೆ ಇಟ್ಟೆ.